ಅಪ್ಪನ ಮಂಚದ ಪಕ್ಕದ ನೆಲಹಾಸು

ಅಪ್ಪ ಮಂಚದಿಂದ ಇಳಿಯದೆ ಇಪ್ಪತ್ತಾರು ದಿನವಾಗಿತ್ತು. ಬಿದ್ದಾಗ ಮೂಳೆ ಮುರಿದಿರಲಿಲ್ಲ, ಮುರಿದಿದ್ದು ಧೈರ್ಯ. ಬೆಳಿಗ್ಗೆ ಎದ್ದು ಕಾಲಿಟ್ಟ ಕೂಡಲೇ ಮಂಚದ ಪಕ್ಕದ ತೆಳು ಮ್ಯಾಟ್ ನುಣುಪು ಟೈಲ್ಸ್ ಮೇಲೆ ಜಾರಿತ್ತು. ಮೂವತ್ತೆರಡು ವರ್ಷ ಬಸ್ ಓಡಿಸಿ ಒಂದು ಕೋಳಿಗೂ ತಗುಲಿಸದ ಮನುಷ್ಯ ತನ್ನ ಕೋಣೆಯಲ್ಲೇ ಅಂಗಾತ ಬಿದ್ದಿದ್ದ.

"ಹೀಗೇ ಮಲಗಿದ್ರೆ ಕಾಲಲ್ಲಿರೋ ಶಕ್ತಿ ಎಲ್ಲ ಹೋಗುತ್ತೆ. ಆಮೇಲೆ ನಡೀತೀನಿ ಅಂದ್ರೂ ಆಗಲ್ಲ. ಮುಂದಿನ ತಿಂಗಳು ಬರ್ತೀನಿ, ಅಷ್ಟರಲ್ಲಿ ಓಡಾಡ್ತಿರಬೇಕು," ಅಂದರು ಡಾಕ್ಟರ್.

ಅಪ್ಪ ಗೋಡೆ ಕಡೆ ತಿರುಗಿ, "ಆ ನೆಲಕ್ಕೆ ನಾನು ಕಾಲಿಡಲ್ಲ," ಅಂದ.

"ಹಾಗಾದ್ರೆ ನೆಲಾನೇ ಬದಲಾಯಿಸ್ತೀನಿ," ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಅಂಗಡಿಯಿಂದ ತಂದ ಎರಡು ಮ್ಯಾಟ್‌ಗಳಲ್ಲಿ ಒಂದು ಜಾರಿತು, ಇನ್ನೊಂದರ ಅಂಚು ಮುದುರಿ ನಿಂತಿತು. ನಮಗೆ ಬೇಕಾಗಿದ್ದು ಭಾರವಾದ, ದಪ್ಪನೆಯ, ಒಂದು ಬೆರಳಷ್ಟೂ ಮೇಲೇಳದ ಹಾಸು. ಟೈಲರ್ ಆಗಿರುವ ನನ್ನ ಅಕ್ಕ ತನ್ನ ಅಂಗಡಿಯಿಂದ ಒಂದು ಮೂಟೆ ತುಂಡುಬಟ್ಟೆ ತಂದು ಸುರಿದಳು. ನಾನು ಹೆಬ್ಬೆರಳು ದಪ್ಪದ ಹತ್ತಿ ಹಗ್ಗ ತಂದೆ. ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು ಹಗ್ಗಕ್ಕೆ ಓರೆಯಾಗಿ ಸುತ್ತುವುದು, ಸುತ್ತಿದ ಹಗ್ಗವನ್ನು ಮೊಟ್ಟೆಯಾಕಾರದಲ್ಲಿ ಬಳಸುತ್ತ ಪ್ರತಿ ಸುತ್ತನ್ನೂ ಹಿಂದಿನದಕ್ಕೆ ದಬ್ಬಣದಿಂದ ಹೊಲಿಯುವುದು. ಹೇಳಲು ಇಷ್ಟೇ.

ಅಪ್ಪನ ಕೋಣೆಯಲ್ಲೇ ಕೂತು ಶುರುಮಾಡಿದೆ. ಬಟ್ಟೆ ಸಾಲದೆ ಬಂದಾಗ ಅವನ ಖಾಕಿ ಅಂಗಿಗೆ ಕತ್ತರಿ ಹಾಕಿದೆ.

"ಏಯ್! ಯಾರನ್ನ ಕೇಳಿ ಕತ್ತರಿಸ್ದೆ?" ಅಪ್ಪ ಎದ್ದು ಕೂತ. ಅಷ್ಟು ದಿನದಲ್ಲಿ ಯಾರೂ ಹಿಡಿಯದೆ ಅವನು ಎದ್ದು ಕೂತದ್ದು ಅದೇ ಮೊದಲು. ನಾನು ಇನ್ನೊಂದು ಅಂಗಿಯನ್ನೂ ಕತ್ತರಿಸಿದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆ ಸಿಟ್ಟು ದಾರಕ್ಕೂ ಇಳಿಯಿತು. ಬಿಗಿಯಾದಷ್ಟೂ ಗಟ್ಟಿ ಅಂದುಕೊಂಡು ಹಲ್ಲು ಕಚ್ಚಿ ಎಳೆದೆ. ಹನ್ನೆರಡನೇ ಸುತ್ತಿನ ಹೊತ್ತಿಗೆ ಎರಡು ತುದಿಗಳೂ ಮೇಲೆದ್ದವು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಹದಿನಾರನೇ ಸುತ್ತಿಗೆ ಅಕ್ಕ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನೇ ಇದು, ದೋಣಿ ಮಾಡಿದ್ದೀಯ! ಅಪ್ಪನ್ನ ಇದ್ರಲ್ಲಿ ಕೂರಿಸಿ ಬಚ್ಚಲಿಗೆ ತಳ್ಳಿಕೊಂಡು ಹೋಗೋಣ."

ನನಗೆ ನಗು ಬರಲಿಲ್ಲ. ಆ ಏರಿದ ಅಂಚಿಗೆ ಅಪ್ಪನ ಕಾಲು ಒಂದೇ ಒಂದು ಸಲ ಎಡವಿದರೆ ಅವನು ಮತ್ತೆ ಮಂಚ ಬಿಡುವವನಲ್ಲ. ಹಾಸನ್ನು ಗೋಡೆಗೆ ಎಸೆದೆ. ಅಳು ಬಂತು, ಮುಚ್ಚಿಡಲೂ ಇಲ್ಲ.

"ಇಲ್ಲಿ ಕೊಡು," ಅಂದ ಅಪ್ಪ. ತೊಡೆಯ ಮೇಲಿಟ್ಟುಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿದ. "ನೇರ ರೋಡಲ್ಲಿ ಸರಿಯಾಗೇ ಹೋಗಿದ್ದೀಯ. ಕೆಡಿಸಿರೋದು ಎರಡೂ ತಿರುವಲ್ಲಿ. ಬಸ್ಸು ತಿರುಗೋವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಗೊತ್ತಾ? ನೀನು ಅದಕ್ಕೆ ದಾರೀನೇ ಕೊಟ್ಟಿಲ್ಲ, ಒಳಗೆ ಎಳೆದುಬಿಟ್ಟಿದ್ದೀಯ. ಪಾಪ, ಅದು ಎಲ್ಲಿಗೆ ಹೋಗುತ್ತೆ? ಮೇಲಕ್ಕೆ ಹತ್ತಿದೆ."

ಅಕ್ಕ ನಗು ನಿಲ್ಲಿಸಿದಳು. ನಾನು ಮೂಗೊರೆಸಿಕೊಂಡು ದಾರ ಬಿಚ್ಚಲು ಕೂತೆ. ಹದಿನಾರು ಸುತ್ತನ್ನೂ ಬಿಚ್ಚಿದೆ. ಈ ಸಲ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಹೊಲಿದೆ. ತಿರುವು ಬಂದಾಗಲೆಲ್ಲ ಮಂಚದಿಂದ ಗದರಿಕೆ: "ಸಡಿಲ ಬಿಡು! ಇನ್ನೂ ಸ್ವಲ್ಪ! ನಿಂಗೆ ಲೈಸೆನ್ಸ್ ಕೊಟ್ಟೋನ್ಯಾರು?" ಹಗ್ಗ ತಾನಾಗಿ ಬಾಗುವಷ್ಟು ಬಿಟ್ಟು ಹೊಲಿದರೆ ಸುತ್ತು ಸುಮ್ಮನೆ ಮಲಗುತ್ತಿತ್ತು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಜಾರದಂತೆ ಹಾಸಿನ ತಳಕ್ಕೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹೊಲಿಯಬೇಕೆಂದದ್ದೂ ಅಪ್ಪನೇ. ಟೈರ್ ಸವೆದ ಗಾಡಿಯನ್ನು ಅವನು ಎಂದೂ ರೋಡಿಗೆ ಇಳಿಸಿದವನಲ್ಲವಂತೆ.

ನಲವತ್ತೊಂದನೇ ಸುತ್ತಿಗೆ ಗಂಟು ಹಾಕಿ ನೆಲಕ್ಕೆ ಹಾಸಿದೆ. ಅಕ್ಕ ಮಂಡಿಯೂರಿ ಅಂಚಿನ ಸುತ್ತ ತನ್ನ ಸ್ಕೇಲ್ ತೂರಿಸಲು ನೋಡಿದಳು. ಎಲ್ಲೂ ತೂರಲಿಲ್ಲ. ನಾನು ಓಡಿಬಂದು ಅದರ ಮೇಲೆ ಗಕ್ಕನೆ ನಿಂತೆ. ಹಾಸು ಕದಲಲಿಲ್ಲ.

ಅಪ್ಪ ಕಾಲು ಇಳಿಬಿಟ್ಟು ಕೂತ. ಅಂಗಾಲಿನಿಂದ ಖಾಕಿ ಸುತ್ತುಗಳನ್ನು ಉಜ್ಜಿ ನೋಡಿದ. ಎರಡೂ ಕೈಯಿಂದ ಮಂಚದ ಅಂಚನ್ನು ಬಿಗಿಯಾಗಿ ಹಿಡಿದ. ಹಿಡಿದುಕೊಳ್ಳಲು ಹೋದೆ, ಬೇಡ ಅಂತ ತಲೆಯಾಡಿಸಿದ. ಆದರೆ ಏಳಲೂ ಇಲ್ಲ.

"ಏನಪ್ಪಾ?"

"ಕಂಡಕ್ಟರ್ ಹೇಳದೆ ಗಾಡಿ ಹೊರಡಲ್ಲ."

ಅಕ್ಕ ಕೈಯಲ್ಲಿದ್ದ ಸ್ಕೇಲಿನಿಂದ ಬಾಗಿಲಿಗೆ ಎರಡು ಸಲ ಬಡಿದಳು. "ರೈಟ್!" ಅಂತ ನಾನು ಗಂಟಲು ಹರಿಯುವಂತೆ ಕೂಗಿದೆ.

ಅಪ್ಪ ಎದ್ದು ನಿಂತ. ಒಂದು ಹೆಜ್ಜೆ, ಎರಡು, ಮೂರು. ಹಾಸಿನ ಕೊನೆಗೆ ಬಂದು ಮುಂದಿನ ಟೈಲ್ಸನ್ನು ದುರುಗುಟ್ಟಿ ನೋಡಿದ. ಡಿಪೋದಲ್ಲಿ ಬಸ್ ತಿರುಗಿಸುವ ಹಾಗೆ ಮೆಲ್ಲಗೆ ತಿರುಗಿ, ಮಂಚಕ್ಕೆ ವಾಪಸು ಬಂದು ಕೂತ. ನಾವಿಬ್ಬರೂ ಹುಚ್ಚರಂತೆ ಚಪ್ಪಾಳೆ ತಟ್ಟಿದೆವು.

"ಬರೀ ಮೂರು ಹೆಜ್ಜೆ ರೋಡಿಗೆ ಇಷ್ಟು ಗಲಾಟೆನಾ?" ಅಪ್ಪ ಏದುಸಿರು ಬಿಡುತ್ತ ಅಂದ. "ಮುಂಬಾಗಿಲ ತನಕ ಹಾಕು."

ಅಕ್ಕ ಇನ್ನೊಂದು ಮೂಟೆ ತಂದಳು. ಹಗ್ಗ ಮುಗಿದು ಮತ್ತೆ ತಂದೆವು. ತಿರುವಿನಲ್ಲಿ ಈಗ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಆದರೂ ಅಪ್ಪ ಹೇಳುತ್ತಲೇ ಇದ್ದ.

ಮುಂದಿನ ತಿಂಗಳು ಡಾಕ್ಟರ್ ಬಂದು ಬೆಲ್ ಒತ್ತಿದಾಗ ನಾನು ಅಡುಗೆಮನೆಯಲ್ಲಿದ್ದೆ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಪ್ಪ ಬಾಗಿಲು ತೆಗೆದಿದ್ದ.