ಕಾದ ಮೈಗೆ ತಣ್ಣೀರು

ಬೇಸಿಗೆ ಬಂತೆಂದರೆ ದೂರದ ದ್ವೀಪವೊಂದರ ಕಾಂಬುಲೋ ಊರಿನಲ್ಲಿ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಒಬ್ಬರಾದರೂ ತಲೆ ಸುತ್ತಿ ಬೀಳುತ್ತಾರೆ. ಹೋದ ವರ್ಷ ಬಿದ್ದವನು ಓಸ್ತಿಂಗ್. ಮೈ ಕೆಂಡದಂತೆ ಸುಡುತ್ತಿತ್ತು. ನೆರೆಹೊರೆಯವರು ಓಡಿ ಬಂದರು. ಒಬ್ಬರು ಎಣ್ಣೆ ತಿಕ್ಕಿದರು, ಒಬ್ಬರು ಬಿಸಿನೀರು ಕುಡಿಸಲು ನೋಡಿದರು, ಮುದುಕಿ ತಾಸ್ಯಾ ತನ್ನ ಮನೆಯಿಂದ ಕಂಬಳಿ ತಂದು ಹೊದಿಸಿದಳು. ತಣ್ಣೀರನ್ನು ಮಾತ್ರ ಯಾರೂ ಮುಟ್ಟಿಸಲಿಲ್ಲ. ಕಾದ ಮೈಗೆ ತಣ್ಣೀರು ಬಿದ್ದರೆ ‘ಪಾಸ್ಮಾ’ ಹಿಡಿಯುತ್ತದೆ, ನರ ಸೆಳೆದು ಕೈಕಾಲು ನಡುಗುತ್ತದೆ ಅನ್ನುವ ನಂಬಿಕೆ ಆ ದ್ವೀಪದಲ್ಲಿ ಮನೆಮನೆಗೂ ಉಂಟು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಓಸ್ತಿಂಗ್ ಹೋಗಿಬಿಟ್ಟಿದ್ದ.

ಎಲ್ಲರೂ ಪ್ರೀತಿಯಿಂದ ಮಾಡಿದ್ದೇ. ಯಾರನ್ನು ದೂರುವುದು?

ಈ ತಾಸ್ಯಾಳ ಸೊಸೆ ರೊಸೆಂದಾ. ನಲವತ್ತೆರಡು ವರ್ಷ, ಹೊಲಿಗೆ ಕೆಲಸ. ಕೂತು ಕೂತು ಸೊಂಟ ಹಿಡಿದುಕೊಂಡಾಗ ಬೆಳಗಿನ ಹೊತ್ತು ಸಮುದ್ರಕ್ಕಿಳಿದು ಈಜತೊಡಗಿದಳು. ಆಮೇಲೆ ತಂಗಿಯ ಹಳೆ ಸೈಕಲ್ಲು, ಆಮೇಲೆ ಓಟ. ಈ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ಚಿಕ್ಕವು ಎರಡನ್ನು ಮುಗಿಸಿದ್ದಳು. ಈ ಸಲ ಪಕ್ಕದ ಪಟ್ಟಣದಲ್ಲಿ ದೊಡ್ಡದಿತ್ತು. ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್ಲು, ಅದರ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಎಲ್ಲ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ಒಂದು ನಿಮಿಷ ತಡವಾದರೂ ಲೆಕ್ಕಕ್ಕಿಲ್ಲ.

ಅತ್ತೆಗೆ ಇದೇನೂ ಹಿಡಿಸಲಿಲ್ಲ.

“ಬಿಸಿಲಲ್ಲಿ ಓಡಿ ಬಂದು ಸೀದಾ ತಲೆ ಮೇಲೆ ತಣ್ಣೀರು ಹೊಯ್ಕೋತೀಯಲ್ಲೇ! ನನ್ನ ಕೈ ನೋಡು, ಹೇಗೆ ನಡುಗುತ್ತೆ. ಹರೆಯದಲ್ಲಿ ಇಸ್ತ್ರಿ ಹಾಕಿ ತಕ್ಷಣ ಕೈ ತೊಳೆದಿದ್ದಕ್ಕೆ ಇದು. ನಾಳೆ ನೀನು ಸೂಜಿಗೆ ದಾರ ಪೋಣಿಸೋಕಾಗ್ದೆ ಅತ್ರೆ ನಾನು ಕೇಳೋಳಲ್ಲ.”

ಆ ಹೊತ್ತಿಗೆ ರಕ್ತದೊತ್ತಡ ನೋಡಲು ಊರಿನ ಆರೋಗ್ಯ ಕಾರ್ಯಕರ್ತೆ ಇಸಿಂಗ್ ಬಂದಿದ್ದಳು.

“ಕೈ ನಡುಗೋಕೆ ಬೇರೆ ಕಾರಣ ಇರುತ್ತೆ ತಾಸ್ಯಮ್ಮ. ಒಂದಿನ ಬನ್ನಿ, ರಕ್ತ ಪರೀಕ್ಷೆ ಮಾಡಿಸೋಣ.”

“ಅಂದ್ರೆ ನಮ್ಮಮ್ಮ, ನಮ್ಮಜ್ಜಿ ಎಲ್ಲ ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ, ಅವರಿಗೆ ತಿಳಿದಿದ್ದು ಹೇಳಿದ್ರು. ನೀವೇ ಹೇಳಿ, ಮೋಟಾರು ಕಾದು ಹೊಗೆ ಬಂದ್ರೆ ನಿಮ್ಮ ಮಗ ಅದಕ್ಕೆ ಕಂಬಳಿ ಹೊದಿಸ್ತಾನಾ?”

ಕಂಬಳಿ ಅನ್ನುವ ಮಾತು ಬಾಯಿಂದ ಜಾರಿದ ಮೇಲೆ ಇಸಿಂಗ್ ನಾಲಿಗೆ ಕಚ್ಚಿಕೊಂಡಳು. ತಾಸ್ಯಾ ಎದ್ದು ಒಳಗೆ ಹೋದಳು.

ಇಸಿಂಗ್ ರೊಸೆಂದಾಳ ಕಡೆ ತಿರುಗಿದಳು. “ನೀನೂ ಕೇಳು. ಬಿಸಿಲಿಗೆ ಮೈನ ಎರಡು ವಾರ ಸ್ವಲ್ಪಸ್ವಲ್ಪವಾಗಿ ಒಗ್ಗಿಸು. ಬಾಯಾರಿದಾಗ ಕುಡಿ, ಬೆವರು ಜಾಸ್ತಿ ಹೋದ್ರೆ ಉಪ್ಪೂ ಬೇಕು. ಸುಸ್ತಾದ್ರೆ ನಡಿ, ನಾಚ್ಕೋಬೇಡ. ಒಂದು ಮಾತು ನೆನಪಿಟ್ಕೋ. ಬಿಸಿಲಲ್ಲಿ ಯಾರಾದ್ರೂ ತೂರಾಡಿ ಅಸಂಬದ್ಧ ಮಾತಾಡಿದ್ರೆ ಅದು ಬರೀ ಸುಸ್ತಲ್ಲ. ಜೀವಕ್ಕೇ ಅಪಾಯ. ಮೊದಲು ಮೈ ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಕಳಿಸು.”

ಸ್ಪರ್ಧೆಯ ದಿನ ಬೆಳಿಗ್ಗೆ ಆರಕ್ಕೆ ರೊಸೆಂದಾ ನೀರಿಗಿಳಿದಳು. ಈಜು ಹಗುರವಾಗಿ ಮುಗಿಯಿತು. ಸೈಕಲ್ಲಿನ ಮೇಲೆ, ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಅನ್ನಕ್ಕೆ ಉಪ್ಪು ಹಚ್ಚಿ ಚೂರುಚೂರೇ ತಿಂದಳು. ಅರವತ್ತನೇ ಕಿಲೋಮೀಟರಿನಲ್ಲಿ ಎದುರುಗಾಳಿ ಎದ್ದು, ಅಳುವೇ ಬಂತು. ಅತ್ತುಕೊಂಡೇ ತುಳಿದಳು.

ಓಟಕ್ಕಿಳಿದಾಗ ಹನ್ನೊಂದು ಹತ್ತು. ಡಾಂಬರು ಬಾಣಲೆಯಂತೆ ಕಾದಿತ್ತು. ಪ್ರತಿ ನೀರಿನ ಚಪ್ಪರದಲ್ಲೂ ನಿಂತು ಕುಡಿದು, ನಡೆದು, ಮತ್ತೆ ಓಡಿದಳು. ಹದಿನಾರನೇ ಕಿಲೋಮೀಟರಿನ ಚಪ್ಪರದಲ್ಲಿ ಲೋಟ ಹಿಡಿದು ನಿಂತವಳು ಬೇರೆ ಯಾರೂ ಅಲ್ಲ, ತಾಸ್ಯಾ. ಚರ್ಚಿನ ಹೆಂಗಸರ ಗುಂಪಿಗೆ ಅವತ್ತು ನೀರು ಕೊಡುವ ಕೆಲಸ ಬಿದ್ದಿತ್ತು.

“ನಿನ್ನ ನೋಡೋಕೆ ಬಂದಿದ್ದಲ್ಲ,” ಅಂದಳು ತಾಸ್ಯಾ. ಆದರೂ ತುಂಬಿದ ಲೋಟವನ್ನೇ ಕೊಟ್ಟಳು.

ಗಂಟೆ ಒಂದೂ ಮೂವತ್ತೈದು. ಉಳಿದಿದ್ದು ಐದು ಕಿಲೋಮೀಟರ್. ಹೀಗೇ ಹೋದರೆ ಹತ್ತು ನಿಮಿಷ ಮಿಗುತ್ತದೆ ಎಂದು ರೊಸೆಂದಾ ಲೆಕ್ಕ ಹಾಕುತ್ತಿರುವಾಗಲೇ ಹಳದಿ ಅಂಗಿಯ ಗಟ್ಟಿಮುಟ್ಟಾದ ಓಟಗಾರನೊಬ್ಬ ಎದುರು ದಿಕ್ಕಿನಿಂದ ತೂರಾಡುತ್ತ ಬಂದ.

“ಅಣ್ಣಾ, ಆ ಕಡೆ ಓಡ್ಬೇಕು. ನಿಮ್ಮ ಹೆಸರೇನು?” ಅಂದಳು ರೊಸೆಂದಾ.

“ಮೀನು ಇಳಿಸಿ ಆಯ್ತಾ?” ಅಂದವನೇ ಕುಸಿದುಬಿದ್ದ.

ಮೈ ಮುಟ್ಟಿದರೆ ಒಲೆ. ಯಾರೋ ದಪ್ಪ ಟವೆಲು ತಂದು ಹೊದಿಸಹೊರಟರು. ಸ್ಪರ್ಧೆಯ ಕಾರ್ಯಕರ್ತರು ಫೋನು ಮಾಡಿದರು. ಆಸ್ಪತ್ರೆಯ ಗಾಡಿ ಬರಲು ಹತ್ತು ನಿಮಿಷವಂತೆ. ರೊಸೆಂದಾ ಒಂದು ಸಲ ಕೈಗಡಿಯಾರ ನೋಡಿದಳು. ವರ್ಷವಿಡೀ ಇದೇ ಒಂದು ದಿನಕ್ಕಾಗಿ ನಸುಕಿನಲ್ಲಿ ಎದ್ದಿದ್ದಳು. ಇನ್ನೊಂದು ಸಲ ಗಡಿಯಾರ ನೋಡಲಿಲ್ಲ. ಅವನನ್ನು ನೆರಳಿಗೆಳೆದು ಅಂಗಿ ಬಿಚ್ಚಿದಳು.

“ಅತ್ತೆ, ಐಸ್ ನೀರಿನ ಬಕೆಟ್ ತನ್ನಿ! ಸುರೀರಿ!”

“ಬೇಡ್ವೇ, ಪಾಸ್ಮಾ ಹಿಡಿಯುತ್ತೆ! ಸತ್ತೇ ಹೋಗ್ತಾನೆ!”

“ಸುರೀದೇ ಇದ್ರೆ ಸಾಯ್ತಾನೆ ಅತ್ತೆ. ಓಸ್ತಿಂಗ್‌ನ ನೋಡಿದ್ವಲ್ಲ.”

ತಾಸ್ಯಾ ಬಕೆಟ್ಟು ಹಿಡಿದು ನಿಂತಳು. ನಡುಗುವ ಕೈಯಲ್ಲಿ ನೀರು ತುಳುಕಿತು. ಕಣ್ಣು ಮುಚ್ಚಿ, ಮೇರಿಮಾತೆಯ ಹೆಸರು ಹೇಳಿ, ಅಷ್ಟನ್ನೂ ಅವನ ಮೇಲೆ ಸುರಿದಳು. ಮತ್ತೊಂದು ಬಕೆಟ್ಟು. ಮತ್ತೊಂದು. ಹೆಂಗಸರು ಕಂಕುಳಿಗೆ, ಕುತ್ತಿಗೆಗೆ ಐಸಿಟ್ಟು ರಟ್ಟಿನಿಂದ ಗಾಳಿ ಹಾಕಿದರು. ಎಂಟು ನಿಮಿಷವಾದ ಮೇಲೆ ಅವನು ಕಣ್ಣು ಬಿಟ್ಟ.

“ನಾನು... ರುಫಿನೋ,” ಅಂದ.

ತಾಸ್ಯಾ ಅವನ ಮುಖವನ್ನೇ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಗದರಿದಳು. “ಇನ್ನೂ ಇಲ್ಲೇನು ಮಾಡ್ತಿದೀಯ? ಗಾಡಿ ಬರೋವರೆಗೂ ನೀರು ಹಾಕ್ತಾನೇ ಇರ್ತೀನಿ. ಓಡೇ!”

ರೊಸೆಂದಾ ಎರಡು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಮೇಲೆ ಥಟ್ಟನೆ ಐಸ್ ನೀರು ಬಿತ್ತು.

“ಅಯ್ಯೋ ಅತ್ತೆ!”

“ನೀನೂ ಕಾದಿದೀಯ. ಹೋಗು!”

ಕೊನೆಯ ಕಿಲೋಮೀಟರಿನಲ್ಲಿ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಗಂಡ ತೆರ್ಯೋ ಬೇಲಿಯಾಚೆ ಜೊತೆಜೊತೆಗೆ ಓಡುತ್ತ, “ಬಾ, ಬಾ, ಇನ್ನೊಂದು ಬೀದಿ ಅಷ್ಟೆ,” ಎಂದು ಬಡಬಡಿಸುತ್ತಿದ್ದ. ಅವಳು ಗೆರೆ ದಾಟಿದಾಗ ಎರಡು ಗಂಟೆ ಇಪ್ಪತ್ತೆಂಟು ನಿಮಿಷ. ಗಡುವು ಮುಗಿಯಲು ಎರಡೇ ನಿಮಿಷ ಬಾಕಿ. ಕೊರಳಿಗೆ ಪದಕ ಬಿದ್ದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಕೇಳಿದ್ದು, “ಅವನು ಹೇಗಿದ್ದಾನೆ?”

ರುಫಿನೋ ಮೂರನೇ ದಿನ ಮನೆಗೆ ಹೋದ. ಗಾಡಿ ಬರುವ ಮೊದಲೇ ಮೈ ತಣ್ಣಗೆ ಮಾಡಿದ್ದರಿಂದ ಬದುಕಿದ ಎಂದರು ವೈದ್ಯರು. ಆ ವಾರವೇ ತಾಸ್ಯಾ ಸೊಸೆಯ ಜೊತೆ ರಕ್ತ ಪರೀಕ್ಷೆಗೆ ಹೋದಳು. ಬರುವಾಗ ಓಸ್ತಿಂಗನ ಹೆಂಡತಿಯ ಮನೆಗೆ ಹೋಗಿ ಬಹಳ ಹೊತ್ತು ಕೂತಿದ್ದಳು. ಇಬ್ಬರೂ ಏನು ಮಾತಾಡಿಕೊಂಡರೋ, ಸಂಜೆ ಇಬ್ಬರೂ ಸೇರಿ ಕೊಬ್ಬರಿ ಅಂಗಳದ ಮೂಲೆಯಲ್ಲಿ ನೀರಿನ ಪೀಪಾಯಿ ಇಡಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ನೀವು ಓಟಗಾರರಾಗಿರಬೇಕಿಲ್ಲ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಬಿಸಿಲು ಎಲ್ಲರಿಗೂ ಒಂದೇ. ಯಾರಾದರೂ ತೊದಲಿದರೆ, ತೂರಾಡಿದರೆ, ಕುಸಿದರೆ, ತಕ್ಷಣ 108ಕ್ಕೆ ಕರೆ ಮಾಡಿಸಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಗಾಡಿ ಬರುವ ತನಕ ನಿಲ್ಲಿಸಬೇಡಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಜನ ಏನಾದರೂ ಅನ್ನಲಿ, ನೀವು ಬಕೆಟ್ಟು ಎತ್ತಿ.