ಬೀಗಿತಿ ಕಟ್ಟಿದ ಮುದ್ದೆ

"ಇಳಿಸ್ಬ್ಯಾಡಿ!"

ಮುದ್ದೆಯ ಬುಟ್ಟಿ ಆಗಲೇ ಟೆಂಪೋದಿಂದ ಅರ್ಧ ಇಳಿದಿತ್ತು. ವಾರದಿಂದ ತವರಲ್ಲೇ ಇದ್ದ ಮಂಗಳಮ್ಮ ಅಡ್ಡ ನಿಂತಳು. ಹಿಂದೆ ಜಗಲಿಯ ಮೇಲೆ ಅವಳ ತಾಯಿ ಚಿಕ್ಕಬೋರಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ವಯಸ್ಸಾಗಿತ್ತು, ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಣ್ಣು ಮಾಡಿ ಬಂದವರಿಗೆ ಬೀಗರ ಊಟ. ಅದಕ್ಕೇ ಮಂಗಳಮ್ಮನ ಅತ್ತೆ ದ್ಯಾವಮ್ಮ ಬಿಂಡಿಗನವಿಲೆಯಿಂದ ದೇವಲಾಪುರಕ್ಕೆ ಅಡುಗೆ ಹೊತ್ತು ತಂದಿದ್ದಳು. ಇಳಿಯುತ್ತಲೇ ಹೆಮ್ಮೆಯಿಂದ ಹೇಳಿಯೂಬಿಟ್ಟಿದ್ದಳು.

"ನಿನ್ನೆ ಪೂರಾ ವಾಂತಿಭೇದಿ ಕಣವ್ವ, ಮಲಗ್ಬುಟ್ಟಿದ್ದೆ. ಎಸ್‌ಟಿಡಿ ಬೂತ್ಗೆ ಫೋನ್ ಬಂತು ಅಂದೇಟ್ಗೆ ಎದ್ದು ಅಷ್ಟೂ ಮುದ್ದೆ ನಾನೇ ಕಟ್ದೆ. ಬ್ಯಾರೆಯೋರ್ನ ಮುಟ್ಟಕ್ಕೆ ಬುಡ್ನಿಲ್ಲ."

ಪ್ರೀತಿಯೇ, ಅನುಮಾನವಿಲ್ಲ. ಆದರೂ ಮಂಗಳಮ್ಮ ಬುಟ್ಟಿಯನ್ನು ಹಿಂದಕ್ಕೆ ಒತ್ತಿ ಹಿಡಿದಳು.

"ಈ ಮುದ್ದೆ ಯಾರೂ ಉಣ್ಣಂಗಿಲ್ಲ ಅತ್ತೆ."

"ಬೀಗರೂಟ ವಾಪಸ್ ಕಳಿಸ್ತೀಯಾ? ಅಂಗಾರೆ ನೆಂಟಸ್ತಿಕೆನೂ ವಾಪಸ್ಸೇ ಕಣವ್ವ. ನಾಳೀಕೆ ಯಾವ ಮಕ ಒತ್ಕೊಂಡು ನಮ್ ಬಾಗ್ಲಿಗೆ ಬತ್ತೀಯೆ?"

ಅತ್ತೆ ಆಡಿದ ಮಾತು ತಪ್ಪುವವಳಲ್ಲ. ಮಂಗಳಮ್ಮನಿಗೆ ನಿಜಕ್ಕೂ ಭಯವಾಯಿತು. ಆದರೂ ಬುಟ್ಟಿಯಿಂದ ಕೈ ತೆಗೆಯಲಿಲ್ಲ.

*

ಮಂಗಳಮ್ಮ ಲಂಗ ಉಡುತ್ತಿದ್ದ ಕಾಲ. ಊರಲ್ಲಿ ಯಾರ ಮನೆಯ ಬಾಡೂಟವಾದರೂ ಮುದ್ದೆ ಕಟ್ಟಲು ಚಿಕ್ಕಬೋರಮ್ಮನೇ ಬೇಕು. ಒಮ್ಮೆ ತನ್ನ ವಾಂತಿಭೇದಿ ನಿಂತ ಮರುದಿನವೇ ಪಕ್ಕದ ಮನೆಯ ಚಲುವಯ್ಯ ಕರೆದ ಅಂತ ಹೋದಳು. ಸುಡುವ ಹಿಟ್ಟಿಗೆ ಎಂಥ ರೋಗ ಅಂದುಕೊಂಡಳು. ಹಿಟ್ಟು ಸುಡುತ್ತಿತ್ತು, ಸರಿ, ತಣ್ಣೀರಲ್ಲಿ ಅದ್ದಿ ಕಟ್ಟುವ ಕೈಯ ರೋಗ ಸುಡುತ್ತಿರಲಿಲ್ಲವಲ್ಲ. ಎರಡು ದಿನದಲ್ಲಿ ಅರ್ಧ ಊರು ಚೊಂಬು ಹಿಡಿದು ಕೆರೆ ಏರಿಯ ಹಿಂದೆ ಕೂತಿತ್ತು. ಚಲುವಯ್ಯನ ದೊಡ್ಡ ಮಗಳು ಮಾತ್ರ ಹಾಸಿಗೆಯಿಂದ ಏಳಲೇ ಇಲ್ಲ.

"ನಿಂತ್ಮೇಲೂ ಕೈಲಿರ್ತದಂತೆ. ಇನ್ನೂ ಎಲ್ಡ್ ದಿನ ಬ್ಯಾರೆಯೋರ್ ಅನ್ನ ಮುಟ್ಬಾರ್ದಂತೆ. ನಂಗ್ಯಾರೂ ಯೋಳ್ನಿಲ್ವಲ್ಲವ್ವ," ಎಂದು ನರ್ಸಮ್ಮ ಹೇಳಿದ್ದನ್ನು ಮಗಳಿಗೆ ಹೇಳಿ ಚಿಕ್ಕಬೋರಮ್ಮ ಅತ್ತಿದ್ದಳು. ಆಮೇಲೆ ಯಾರ ಮನೆಗೂ ಮುದ್ದೆ ಕಟ್ಟಲಿಲ್ಲ. ಆದರೆ ಯಾರಿಗೇ ವಾಂತಿಯಾಗಲಿ, ಅವರ ಮನೆಯ ಒಲೆ ಮುಂದೆ ಹೋಗಿ ಕೂತು ಅವರನ್ನು ಅಡುಗೆ ಮುಟ್ಟಲು ಬಿಡುತ್ತಿರಲಿಲ್ಲ. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

*

ಇದು ಬೀಗರಿಗೆ ಗೊತ್ತಿರಲಿಲ್ಲ. ಹೆತ್ತವಳ ತಪ್ಪನ್ನು ಅವಳ ಹೆಣದ ಮುಂದೆಯೇ ಆಡಬೇಕಾಯಿತು.

"ನಮ್ಮವ್ವನೂ ಇಂಗೇ ಕಟ್ಟಿದ್ಲು ಅತ್ತೆ. ಕಾಯ್ಲೆ ನಿಂತ ಮಾರ್ನೆ ದಿನ. ಚಲುವಯ್ಯ ಮಾವನ ಮಗಳು ಅದ್ರಲ್ಲೇ ಸತ್ತೋಯ್ತು."

ಚಲುವಯ್ಯ ಟವಲಿನಿಂದ ಕಣ್ಣೊರೆಸಿಕೊಂಡು ದ್ಯಾವಮ್ಮನ ಮುಂದೆ ಬಂದ.

"ಅವ್ಳು ಬೇಕಂತ ಮಾಡ್ನಿಲ್ಲ ಕಣಮ್ಮ. ನೀವೂ ಅಷ್ಟೇಯ. ಊಟ ನಮ್ಮನೇಲಾಯ್ತದೆ, ಬುಡಿ."

ದ್ಯಾವಮ್ಮ ಬುಟ್ಟಿಯನ್ನು ತಾನೇ ಹೊತ್ತು ತಿಪ್ಪೆಗುಂಡಿಗೆ ಸುರಿದು, ಮೇಲೆ ಮಣ್ಣು ಎಳೆದಳು.

ಹೆಣ ಎತ್ತುವ ಮೊದಲು ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕಿದರು. ದ್ಯಾವಮ್ಮ ದೂರವೇ ನಿಂತಿದ್ದಳು.

"ನಾನಾಕ್ಬೋದೇನವ್ವಾ?"

"ಆಕಿ ಅತ್ತೆ. ಅವ್ವಂಗೆ ಇನ್ನೇನೂ ಅಂಟಾಕಿಲ್ಲ," ಎಂದ ಮಂಗಳಮ್ಮನಿಗೆ ಬೆಳಗಿನಿಂದ ತಡೆದಿದ್ದ ಅಳು ಒತ್ತರಿಸಿ ಬಂತು.

ಆದರೂ ದ್ಯಾವಮ್ಮ ಹಾಗೇ ಹೋಗಲಿಲ್ಲ. ಸೋಪು ತರಿಸಿಕೊಂಡಳು. ಸೊಸೆ ಅಳುತ್ತಲೇ ನೀರು ಹುಯ್ದಳು. ಅತ್ತೆ ಮೊಳಕೈವರೆಗೂ ಉಜ್ಜಿ ಉಜ್ಜಿ ತೊಳೆದಳು. ಆಮೇಲೆ ಹೋಗಿ, ಬೀಗಿತಿಯ ತುಟಿಗೆ ನಾಲ್ಕು ಕಾಳು ಅಕ್ಕಿ ಹಾಕಿದಳು.