ಮರಳಿದ ವೇಳೆ

ಔಷಧಿಯ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ನಕ್ಷೆಗಾರ ಬಾಗಿಲ ಬಳಿಯ ಓಡಾಟದ ಪುಸ್ತಕದ ಮುಂದೆ ಬಗ್ಗಿ ನಿಂತ. ಕಚೇರಿ ಬಿಟ್ಟು ಹೊರಗೆ ಹೋಗುವವರೆಲ್ಲ ಅದರಲ್ಲಿ ಬರೆಯಬೇಕು: ಹೊರಟ ವೇಳೆ, ಹೋಗುವ ಸ್ಥಳ, ಕಾರಣ, ಮರಳಿದ ವೇಳೆ. ಅವನ ತಲೆ ಎರಡು ಇಪ್ಪತ್ತರ ಬಸ್ಸಿನ ಯೋಚನೆಯಲ್ಲಿತ್ತು. ಕೈ ತನ್ನ ಪಾಡಿಗೆ ಮೂರು ಕಲಂ ತುಂಬಿ ಪೆನ್ನಿನ ಮುಚ್ಚಳ ಹಾಕಿತು.

ಆ ಪುಸ್ತಕದಿಂದ ಅವನಿಗೆ ಒಮ್ಮೆ ಚೆನ್ನಾಗಿ ಬಿಸಿ ತಾಗಿತ್ತು. ಅಮ್ಮ ಕೊನೆಯುಸಿರು ಎಳೆಯುತ್ತಿದ್ದಾಳೆಂಬ ಸುದ್ದಿ ಬಂದಾಗ ಬರೆಯದೆ ಓಡಿಹೋಗಿದ್ದ. ಮೂರನೆಯ ದಿನ ಮೆಮೊ ಬಂತು: ಸ್ಥಳ ನಮೂದಿಸದೆ ಕಚೇರಿ ತೊರೆದಿದ್ದಕ್ಕೆ ಕಾರಣ ಕೊಡಿ. ಕಾರಣ ಕೊಟ್ಟ. ಅಂದಿನಿಂದ ಹತ್ತೊಂಬತ್ತು ವರ್ಷ, ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದರೂ ಬರೆದೇ ಹೋಗುತ್ತಾನೆ. ಅಂಗಿಯ ಜೇಬಿನಲ್ಲಿ ಉಕ್ಕಿನ ಸ್ಕೇಲು ಇಲ್ಲದೆ ಅವನನ್ನು ಕಂಡವರಿಲ್ಲವಾದ್ದರಿಂದ ಕಚೇರಿಯಲ್ಲಿ ಅವನ ಹೆಸರು ಸ್ಕೇಲಪ್ಪ. ನೆಟ್ಟಗಿನ ಮನುಷ್ಯ ಎಂಬ ಹೊಗಳಿಕೆಯೂ ಅದರಲ್ಲಿತ್ತು, ಬಗ್ಗಲು ಬಾರದವನು ಎಂಬ ಲೇವಡಿಯೂ ಇತ್ತು.

ಹೊಸ ಮತಕ್ಷೇತ್ರಗಳ ನಕ್ಷೆ ಬರೆದವನು ಇವನೇ. ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮೇಲಿನಿಂದ ಚೀಟಿ ಬರುತ್ತಿತ್ತು, ಇವನು ಎಳೆಯುತ್ತಿದ್ದ. ಗಿರಣಿ ಕೆಲಸಗಾರರ ಬಡಾವಣೆಯನ್ನು ನಾಲ್ಕು ತುಂಡು ಮಾಡಿ, ಆಳುವ ಪಕ್ಷಕ್ಕೆ ಕಣ್ಣು ಮುಚ್ಚಿಕೊಂಡು ಮತ ಹಾಕುವ ದೂರದ ಊರುಗಳಿಗೆ ಒಂದೊಂದು ತುಂಡನ್ನು ಬಾಲದ ಹಾಗೆ ಅಂಟಿಸಿದ್ದರು. ಇನ್ನು ಮುಂದೆ ಆ ಬಡಾವಣೆಯ ಜನ ಯಾರಿಗೆ ಮತ ಹಾಕಿದರೂ ನೀರಿನಲ್ಲಿ ಹೋಮ ಮಾಡಿದಂತೆಯೇ. ಅಲ್ಲಿಂದ ಮೂರು ಸಲ ಗೆದ್ದು ಬಂದ ಶಾಸಕಿ ನಕ್ಷೆಗಾರನ ಒಡಹುಟ್ಟಿದ ಅಕ್ಕ. ರಾಜಕೀಯಕ್ಕೆ ಬರುವ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವಳನ್ನು ಜನ ಇಂದಿಗೂ ಟೀಚರಮ್ಮ ಎಂದೇ ಕರೆಯುತ್ತಾರೆ.

ನಕ್ಷೆಗೆ ಒಪ್ಪಿಗೆ ಸಿಗಬೇಕಾದರೆ ತೊಂಬತ್ತು ಜನರ ಸದನದಲ್ಲಿ ಅರವತ್ತು ಜನ ಕೂತಿರಬೇಕು. ಆಳುವ ಪಕ್ಷದವರು ಐವತ್ತೊಂಬತ್ತು. ವಿರೋಧಿಗಳು ಸದನಕ್ಕೇ ಹೋಗುವುದು ಬೇಡವೆಂದು ತೀರ್ಮಾನಿಸಿ ಒಂದೇ ಬಸ್ಸಿನಲ್ಲಿ ಗಡಿ ದಾಟಿದರು. ಎದೆ ನೋವಿನ ಟೀಚರಮ್ಮನಿಗೆ ಆ ಬೆಟ್ಟದ ದಾರಿ ಆಗುವುದಿಲ್ಲವೆಂದು ಡಾಕ್ಟರು ತಡೆದಿದ್ದರು. ಅವಳೊಬ್ಬಳು ಇಲ್ಲೇ ಬಚ್ಚಿಟ್ಟುಕೊಂಡಳು. ಗೈರುಹಾಜರಾದವರನ್ನು ಹಿಡಿದು ತನ್ನಿ ಎಂದು ಪೊಲೀಸರಿಗೆ ಆಜ್ಞೆಯಾಯಿತು. ಗಡಿಯಾಚೆ ಅವರ ಕೈ ಸಾಗುತ್ತಿರಲಿಲ್ಲ. ಸಾಗುವ ಜಾಗದಲ್ಲಿ ಇದ್ದವಳು ಒಬ್ಬಳೇ, ಬೇಕಾಗಿದ್ದೂ ಒಂದೇ ತಲೆ. ಅವಳ ಗಂಡನ ಸೈಕಲ್ ಅಂಗಡಿಗೆ ಬೀಗ ಬಿತ್ತು, ಪರವಾನಗಿಯಲ್ಲಿ ಏನೋ ದೋಷವಂತೆ. ನರ್ಸ್ ಆಗಿದ್ದ ಮಗಳಿಗೆ ರಾತ್ರೋರಾತ್ರಿ ವರ್ಗವಾಯಿತು. ಮನೆಯ ಮುಂದೆ ಜೀಪು ಬಂದು ನಿಂತಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಈ ಗುರುವಾರ ಭಾವ ಕಚೇರಿಯ ಹಿಂದಿನ ಗೇಟಿಗೆ ಬಂದು ಚೀಲ ಕೊಟ್ಟಿದ್ದ. "ಅವಳ ಮಾತ್ರೆ ನಿನ್ನೆಗೇ ಮುಗಿದಿದೆ. ನಾನು ಹೋದ್ರೆ ಜೀಪು ಹಿಂದೆನೇ ಬರತ್ತೆ. ನೀನು ಸರ್ಕಾರದ ಮನುಷ್ಯ, ನಕ್ಷೆ ಬರೆದೋನು. ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ."

ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯ ಹಿಂದೆ, ಅಕ್ಕನ ಹಳೆಯ ಗೆಳತಿಯೊಬ್ಬಳ ಮನೆ. ಗೆಳತಿ ನಿವೃತ್ತ ಟೈಪಿಸ್ಟು. ಬಾಗಿಲು ತೆಗೆದು, ಬೀದಿಯ ಎರಡೂ ತುದಿ ನೋಡಿ, ಅವನನ್ನು ಒಳಗೆ ಎಳೆದುಕೊಂಡಳು. ಅಕ್ಕ ಹಿಂದಿನ ಕೋಣೆಯಲ್ಲಿ ಟೈಪ್‌ರೈಟರ್ ಇಟ್ಟಿದ್ದ ಮೇಜಿನ ಪಕ್ಕ ಕೂತಿದ್ದಳು. ಎಂಟೇ ದಿನದಲ್ಲಿ ಮುಖ ಇಳಿದುಹೋಗಿತ್ತು.

"ಹಿಂದೆ ಯಾರಾದ್ರೂ ಬಂದ್ರೇನೋ?"

"ಇಲ್ಲ. ಎರಡು ಬಸ್ ಬದಲಾಯಿಸ್ದೆ. ಒಂದು ಸ್ಟಾಪ್ ಮುಂಚೇನೇ ಇಳಿದು ನಡ್ಕೊಂಡು ಬಂದೆ."

"ನೋಡೇ, ನನ್ನ ತಮ್ಮ ಪತ್ತೇದಾರ ಆಗ್ಬಿಟ್ಟ," ಎಂದು ಅಕ್ಕ ಗೆಳತಿಯತ್ತ ತಿರುಗಿ ನಕ್ಕಳು. ಮಾತ್ರೆ ನುಂಗಿ, ಲೋಟ ಕೆಳಗಿಟ್ಟು ಕೇಳಿದಳು: "ನನ್ನ ಮನೇನ ಯಾವ ತುಂಡಿಗೆ ಹಾಕಿದೀಯ?"

"ಮೂರನೇದಕ್ಕೆ."

"ಎದುರು ಮನೆ?"

"ನಾಲ್ಕನೇದಕ್ಕೆ. ಬೀದಿ ಮಧ್ಯದಲ್ಲೇ ಗೆರೆ ಹೋಗತ್ತೆ." ಅವನು ತಲೆ ಎತ್ತಲಿಲ್ಲ. "ನಾನು ಎಳೀದೇ ಇದ್ದಿದ್ರೆ ಇನ್ನೊಬ್ಬ ಎಳೀತಿದ್ದ, ಅಕ್ಕ."

"ಎಳೀತಿದ್ದ. ಅವನಾಗಿದ್ರೆ ಬಾಯ್ತುಂಬ ಬೈತಿದ್ದೆ. ನೀನಾದ್ರೆ ಬೈಯೋಕೂ ಆಗಲ್ಲ ನೋಡು, ಅದೇ ಕಷ್ಟ." ಔಷಧಿಯ ಚೀಲದ ಬಾಯಿ ಮಡಚಿ ಪಕ್ಕಕ್ಕಿಟ್ಟು ಹೇಳಿದಳು: "ಹೋಗ್ಲಿ ಬಿಡು. ನಾಳೆ ಸಂಜೆ ಐದಕ್ಕೆ ಅಧಿವೇಶನ ಮುಗಿಯತ್ತೆ. ಆಮೇಲೆ ಚುನಾವಣೆ ಹಳೇ ಗೆರೆ ಮೇಲೇ ನಡೀಬೇಕು, ಬೇರೆ ದಾರಿ ಇಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ."

ಹೊರಡುವಾಗ ಅವಳು ಅವನ ಜೇಬಿನ ಸ್ಕೇಲನ್ನು ಬೆರಳಿನಿಂದ ತಟ್ಟಿದಳು. ಸ್ಲೇಟಿನ ಮೇಲೆ ಅವನ ಕೈ ಹಿಡಿದು ಮೊದಲ ಗೆರೆ ಎಳೆಸಿದವಳು ಅವಳೇ. ಬಸ್ಸಿನಲ್ಲಿ ಕೂತು ನಕ್ಷೆಗಾರ, ಬದುಕಿನಲ್ಲಿ ಮೊದಲ ಬಾರಿಗೆ, ತಾನು ಎಳೆದ ಗೆರೆಗಳು ಕಸದ ಬುಟ್ಟಿ ಸೇರಲಿ ಎಂದು ಹಾರೈಸಿದ. ಹಾಗೆ ಹಾರೈಸಿದ್ದೇ ಅವನಿಗೆ ಒಂದು ದೊಡ್ಡ ಕೆಲಸ ಮಾಡಿದಷ್ಟು ಸಮಾಧಾನ ತಂದಿತು. ಕಚೇರಿ ಮುಚ್ಚುವ ಹೊತ್ತಾಗಿದ್ದರಿಂದ ಸೀದಾ ಮನೆಗೆ ಹೋದ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರೂ ಮುಖ್ಯಸ್ಥರ ಕೋಣೆಯಲ್ಲಿ ಟಿವಿ ನೋಡಲು ಸೇರಿದ್ದರು. ಸದನದಲ್ಲಿ ವಿರೋಧಿಗಳ ಸಾಲುಗಳು ಖಾಲಿ ಬಿದ್ದಿದ್ದವು. ಇನ್ನೆರಡು ಗಂಟೆ ಎಂದು ನಕ್ಷೆಗಾರ ಗಡಿಯಾರ ನೋಡುತ್ತಿರುವಾಗಲೇ ಸದನದ ಬಾಗಿಲು ತೆರೆಯಿತು. ಇಬ್ಬರು ಮಹಿಳಾ ಪೊಲೀಸರ ನಡುವೆ ಅಕ್ಕ ಒಳಗೆ ಬಂದಳು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಕೈಯಲ್ಲಿ ನಿನ್ನೆಯ ಔಷಧಿಯ ಚೀಲ. ಅವಳನ್ನು ಅವಳ ಜಾಗದಲ್ಲಿ ಕೂರಿಸಿ ಪೊಲೀಸರು ಹೊರಗೆ ಹೋದರು. ಬಾಗಿಲಿಗೆ ಬೀಗ ಹಾಕಿದ ಸದ್ದು ಮೈಕಿನಲ್ಲೂ ಕೇಳಿಸಿತು.

"ನಾನು ಬಂದಿಲ್ಲ. ನನ್ನನ್ನ ತಂದಿದಾರೆ," ಎಂದಳು ಅಕ್ಕ.

"ಮಾನ್ಯ ಸದಸ್ಯರು ಸದನದಲ್ಲಿ ಇದ್ದಾರೆ. ಅಷ್ಟು ಸಾಕು," ಎಂದ ಸಭಾಧ್ಯಕ್ಷ. "ಹಾಜರಿ ಅರವತ್ತು."

ನಕ್ಷೆಗೆ ಒಪ್ಪಿಗೆ ಸಿಗಲು ನಾಲ್ಕು ನಿಮಿಷ ಹಿಡಿಯಿತು. ಐವತ್ತೊಂಬತ್ತು ಕೈ ಮೇಲೆದ್ದವು. ಬೇಡ ಎನ್ನುವವರು ಎಂದಾಗ ಅಕ್ಕ ಒಬ್ಬಳೇ ಕೈ ಎತ್ತಿದಳು. ಕಚೇರಿಯಲ್ಲಿ ಯಾರೋ ಚಪ್ಪಾಳೆ ಶುರುಮಾಡಿ, ಸ್ಕೇಲಪ್ಪನ ಮುಖ ನೋಡಿ ನಿಲ್ಲಿಸಿದರು. ಮುಖ್ಯಸ್ಥರು ಅವನ ಹೆಗಲ ಮೇಲೆ ಕೈ ಇಟ್ಟರು.

"ರಕ್ತಸಂಬಂಧ ಅಂತ ನೋಡ್ಲಿಲ್ಲ ನೀವು. ಮೇಲಿನವರ ಕಿವಿಗೂ ನಿಮ್ಮ ಹೆಸರು ಬಿದ್ದಿದೆ."

"ಯಾಕೆ ಸಾರ್? ನಾನೇನು ಮಾಡ್ದೆ?"

"ಇರ್ಲಿ ಬಿಡಿ. ಇಂಥದ್ದನ್ನೆಲ್ಲ ಬಾಯ್ಬಿಟ್ಟು ಹೇಳಬಾರದು," ಎಂದು ಅವರು ಕಣ್ಣು ಮಿಟುಕಿಸಿದರು.

ಅವನು ತನ್ನ ಮೇಜಿಗೆ ಮರಳುವಷ್ಟರಲ್ಲಿ ಭಾವನ ಫೋನು ಬಂತು. ಭಾವ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

"ಆ ಮನೆ ಗೊತ್ತಿದ್ದಿದ್ದು ಮೂರೇ ಜನಕ್ಕೆ. ನಾನು, ಅವಳ ಗೆಳತಿ, ನೀನು. ಬೆಳಿಗ್ಗೆ ಪೊಲೀಸರು ಯಾರನ್ನೂ ದಾರಿ ಕೇಳಿಲ್ಲ. ಸೀದಾ ಬಂದು ಹಿಂದಿನ ಕೋಣೆ ಬಾಗಿಲು ತಟ್ಟಿದಾರೆ."

"ಭಾವ, ಅಮ್ಮನ ಆಣೆ. ಒಂದು ನರಪಿಳ್ಳೆ ಹತ್ರಾನೂ ನಾನು ಬಾಯಿ ಬಿಟ್ಟಿಲ್ಲ."

"ಅವಳೂ ಅದೇ ಹೇಳಿ ಕಳಿಸಿದಾಳೆ. ಯಾರನ್ನ ಬೇಕಾದ್ರೂ ಅನುಮಾನಿಸಿ, ನನ್ನ ತಮ್ಮನ್ನ ಮಾತ್ರ ಬೇಡ ಅಂತ."

ಹಾಗಾದರೆ ಹೇಳಿದವರು ಯಾರು? ಟೈಪಿಸ್ಟೇ? ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಛತ್ರಿಯ ಮನುಷ್ಯನೇ? ಯಾರೇ ಆಗಿರಲಿ, ಅವನ ವಂಶ ಉದ್ಧಾರವಾಗದಿರಲಿ ಎಂದು ನಕ್ಷೆಗಾರ ಮನಸ್ಸಿನಲ್ಲೇ ಶಪಿಸಿದ. ಸದನದ ಬಾಗಿಲು ತೆರೆಯುವ ಹೊತ್ತಿಗೆ ಅಕ್ಕನ ಎದುರಿಗೆ ಹೋಗಿ ನಿಲ್ಲಬೇಕು ಎನಿಸಿತು. ಮೇಜಿನ ಖಾನೆ ಮುಚ್ಚಿ ಬಾಗಿಲ ಕಡೆ ಧಾವಿಸಿದ.

"ಸ್ಕೇಲಪ್ನೋರೆ, ಒಂದ್ನಿಮಿಷ," ಎಂದು ಮುದಿ ಜವಾನ ಓಡಾಟದ ಪುಸ್ತಕ ತಿರುಗಿಸಿ ಇಟ್ಟ. "ನಿನ್ನೇದು ವಾಪಸ್ ಬಂದ ಟೈಮು ಬರೆದಿಲ್ಲ ನೀವು. ನಿಮ್ದು ಯಾವತ್ತೂ ಹೀಗಾಗಿದ್ದಿಲ್ಲ. ನಾನು ಬೆಳಿಗ್ಗೇನೇ ಹೇಳ್ಬೇಕು ಅಂತಿದ್ದೆ, ಆದ್ರೆ ಪುಸ್ತಕ ನನ್ನ ಹತ್ರ ಎಲ್ಲಿತ್ತು. ನಿನ್ನೆ ಸಂಜೆ ಸಾಹೇಬ್ರು ಒಳಗೆ ತರಿಸ್ಕೊಂಡ್ರು, ಜೊತೇಲಿ ಯಾರೋ ಇಬ್ರು ಕೂತಿದ್ರು. ವಾಪಸ್ ಬಂದಿದ್ದು ಈಗ ಊಟದ ಹೊತ್ತಲ್ಲಿ."

ನಕ್ಷೆಗಾರ ನೋಡಿದ. ದುಂಡಗಿನ ಅಕ್ಷರ, ಎಲ್ಲೂ ಕಾಟಿಲ್ಲ, ಚಿತ್ತಿಲ್ಲ. ಹೊರಟ ವೇಳೆ: 2.05. ಹೋಗುವ ಸ್ಥಳ: ಹಳೆ ಬಿಸ್ಕತ್ತು ಕಾರ್ಖಾನೆ ಹಿಂದಿನ ರಸ್ತೆ, ಮನೆ ನಂ. 14, ಹಿಂಭಾಗದ ಕೋಣೆ. ಕಾರಣ: ಅಕ್ಕನಿಗೆ ಮಾತ್ರೆ ಕೊಡಲು.

ಮತ್ತೊಮ್ಮೆ ಓದಿದ. ಓದಿದಷ್ಟು ಸಲವೂ ಅದೇ ಇತ್ತು.

"ಹುಷಾರಿಲ್ವಾ? ಕೂತ್ಕೊಳ್ಳಿ ಬೇಕಾದ್ರೆ," ಎಂದ ಜವಾನ, ಪೆನ್ನು ಮುಂದೆ ಚಾಚುತ್ತಾ. "ಟೈಮು ಹಾಕ್ಬಿಡಿ, ಆಯ್ತು."

ನಿನ್ನೆ ಅವನು ಕಚೇರಿಗೆ ಮರಳಿರಲಿಲ್ಲ. ಮರಳಿಲ್ಲ ಎಂದೇ ಬರೆದ, ಅದೇ ದುಂಡಗಿನ ಅಕ್ಷರದಲ್ಲಿ.

"ವಾರ ಮುಗೀತಲ್ಲ, ಕೆಳಗೊಂದು ಗೆರೆ ಎಳೀಬೇಕು," ಎಂದ ಜವಾನ. "ನಾನು ಎಳೆದ್ರೆ ಸೊಟ್ಟ ಆಗತ್ತೆ. ನಿಮ್ಮ ಕೈಲೇ ಆಗ್ಲಿ."

ನಕ್ಷೆಗಾರ ಜೇಬಿನಿಂದ ಸ್ಕೇಲು ತೆಗೆದು ಆ ಸಾಲಿನ ಕೆಳಗೆ ಇಟ್ಟ. ಎಡಗೈಯಿಂದ ಅದನ್ನು ಒತ್ತಿ ಹಿಡಿದು, ಹಾಳೆಯ ಆ ಅಂಚಿನಿಂದ ಈ ಅಂಚಿನವರೆಗೆ ಎಳೆದ. ಗೆರೆ ನೆಟ್ಟಗೆ ಬಂತು.